ಭಾರ ಮೇಲಿನಿಂದ, ಸೀಳು ಉದ್ದಕ್ಕೆ: ಬೀಮಿನೊಳಗಿನ ಶಿಯರ್ ಸ್ಟ್ರೆಸ್ ಲೆಕ್ಕ

ಮರದ ತೊಲೆಯ (ಬೀಮಿನ) ಮೇಲೆ ಭಾರ ಹೇರಿದರೆ ಅದು ನಡುವಿನಲ್ಲಿ ಬಾಗಿ, ಅಡಿಭಾಗದ ನಾರು ಹರಿದು, ಎರಡು ತುಂಡಾಗುತ್ತದೆ ಎಂದು ನಾವು ಎಣಿಸುತ್ತೇವೆ. ಉದ್ದನೆಯ ತೆಳು ತೊಲೆ ಹಾಗೆಯೇ ಮುರಿಯುತ್ತದೆ. ಗಿಡ್ಡಗೆ, ಎತ್ತರವಾಗಿ ಇರುವ ತೊಲೆಯ ಕತೆ ಬೇರೆ. ಅದರ ತುದಿಯಲ್ಲಿ, ಆಸರೆಯ ಮೇಲೆ ಕೂತಿರುವ ಕಡೆ, ಎತ್ತರದ ಸರಿಸುಮಾರು ಮಧ್ಯದಲ್ಲಿ ಒಂದು ಸೀಳು ಹುಟ್ಟಿ ನಾರಿನ ಗುಂಟ ಒಳಕ್ಕೆ ಓಡುತ್ತದೆ. ಒಂದು ತೊಲೆ ಇದ್ದದ್ದು ಮೇಲೊಂದು ಕೆಳಗೊಂದು ಎಂದು ಎರಡಾಗಿಬಿಡುತ್ತದೆ. ಭಾರ ತಳ್ಳಿದ್ದು ಕೆಳಕ್ಕೆ, ಸೀಳಿದ್ದು ಉದ್ದಕ್ಕೆ. ಈ ಉದ್ದುದ್ದ ಸೀಳುವ ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಶಿಯರ್ ಸ್ಟ್ರೆಸ್‌ನ ಸೂತ್ರ ತಾನಾಗಿ ಅರ್ಥವಾಗುತ್ತದೆ. ಉತ್ತರ ಸಿಗದಿದ್ದರೆ ಅದು ನಾಲ್ಕು ಅಕ್ಷರಗಳ ಬಾಯಿಪಾಠವಾಗಿಯೇ ಉಳಿಯುತ್ತದೆ.

ನಾನು ಸೂತ್ರದಿಂದ ಶುರು ಮಾಡುವುದಿಲ್ಲ. ಒಂದು ತೊಲೆಯನ್ನು ಹಿಡಿದುಕೊಂಡು ಅಂಕಿಗಳಿಂದಲೇ ಹೊರಡೋಣ.

ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿ. ಹೊಲಿಗೆ ಇಲ್ಲದ ಕಡೆಯ ಅಂಚಿನಲ್ಲಿ ಹಾಳೆಗಳು ಒಂದರ ಮೇಲೊಂದು ಜಾರಿ, ನೇರವಾಗಿದ್ದ ಅಂಚು ಓರೆಯಾಗುತ್ತದೆ. ಬಾಗುವಾಗ ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ಬೇಕಾದ ಉದ್ದ ಬೇರೆಬೇರೆ. ಹಾಳೆಗಳ ನಡುವೆ ಅಂಟಿಲ್ಲವಾದ್ದರಿಂದ ಅವು ಜಾರಿಕೊಂಡು ಪಾರಾಗುತ್ತವೆ. ಎಲ್ಲ ಹಾಳೆಗಳನ್ನೂ ಗಟ್ಟಿಯಾಗಿ ಅಂಟಿಸಿದರೆ ಜಾರಲು ದಾರಿಯಿಲ್ಲ, ಪುಸ್ತಕ ಹಲಗೆಯಷ್ಟು ಬಿರುಸಾಗುತ್ತದೆ. ಹಾಗೆ ಜಾರದಂತೆ ತಡೆಯುವಾಗ ಆ ಅಂಟಿನ ಮೇಲೆ ಬೀಳುವ ಒತ್ತಾಯವೇ ಶಿಯರ್ ಸ್ಟ್ರೆಸ್. ಮರದ ತೊಲೆಯಲ್ಲಿ ಈ ಅಂಟಿನ ಕೆಲಸವನ್ನು ನಾರು ನಾರಿನ ನಡುವಿನ ಬಂಧ ಮಾಡುತ್ತದೆ. ಉಕ್ಕಿನಲ್ಲಿ, ಕಾಂಕ್ರೀಟಿನಲ್ಲಿ ಆಯಾ ವಸ್ತುವೇ ಮಾಡುತ್ತದೆ.

ಈಗ ನಮ್ಮ ತೊಲೆ. ಅಗಲ 100 ಮಿಮೀ, ಎತ್ತರ 200 ಮಿಮೀ. ಎರಡು ಆಸರೆಗಳ ನಡುವಿನ ದೂರ 4 ಮೀಟರ್. ಮೇಲೆ ಉದ್ದಕ್ಕೂ ಸಮನಾಗಿ ಹರಡಿದ ಭಾರ, ಪ್ರತಿ ಮೀಟರಿಗೆ 5 ಕಿಲೋನ್ಯೂಟನ್. ಒಟ್ಟು 20 ಕಿಲೋನ್ಯೂಟನ್, ಒಂದೊಂದು ಆಸರೆಗೆ 10. ಆಸರೆಯ ಪಕ್ಕದಲ್ಲಿ ಶಿಯರ್ ಫೋರ್ಸ್ (ತೊಲೆಯನ್ನು ಅಡ್ಡಲಾಗಿ ಕತ್ತರಿಸಲು ನೋಡುವ ಬಲ) 10 ಕಿಲೋನ್ಯೂಟನ್. ನಡುವಿನತ್ತ ಸಾಗಿದ ಹಾಗೆ ಅದು ಒಂದೇ ಸಮ ಇಳಿದು ಮಧ್ಯದಲ್ಲಿ ಸೊನ್ನೆ. ಬೆಂಡಿಂಗ್ ಮೊಮೆಂಟ್ (ತೊಲೆಯನ್ನು ಬಾಗಿಸುವ ಪ್ರಭಾವ, ಬಲ × ದೂರದ ಲೆಕ್ಕದಲ್ಲಿ) ಇದಕ್ಕೆ ತಿರುಗಾಮುರುಗಾ: ಆಸರೆಯಲ್ಲಿ ಸೊನ್ನೆ, ನಡುವಿನಲ್ಲಿ 10 ಕಿಲೋನ್ಯೂಟನ್-ಮೀಟರ್.

ಆಸರೆಯಿಂದ 1 ಮೀಟರ್ ದೂರದಲ್ಲಿ ಒಂದು ಗೆರೆ, 1.1 ಮೀಟರಿನಲ್ಲಿ ಇನ್ನೊಂದು ಗೆರೆ ಎಳೆಯಿರಿ. ನಡುವೆ 100 ಮಿಮೀ ಉದ್ದದ ತುಂಡು. ಮೊದಲ ಗೆರೆಯಲ್ಲಿ ಮೊಮೆಂಟ್ 7.5 ಕಿಲೋನ್ಯೂಟನ್-ಮೀಟರ್, ಎರಡನೆಯದರಲ್ಲಿ 7.975. ಮೊಮೆಂಟ್ ಇದ್ದ ಕಡೆ ತೊಲೆಯ ಮೇಲರ್ಧ ಅದುಮಿಸಿಕೊಳ್ಳುತ್ತದೆ, ಕೆಳಗಿನರ್ಧ ಎಳೆಸಿಕೊಳ್ಳುತ್ತದೆ. ಮೇಲಂಚಿನಲ್ಲಿ ಅದುಮು ಹೆಚ್ಚು. ನಡುವಿನ ನ್ಯೂಟ್ರಲ್ ಆಕ್ಸಿಸ್ (ಅದುಮೂ ಎಳೆತವೂ ಇಲ್ಲದ ಪದರ) ಹೊತ್ತಿಗೆ ಅದು ಸೊನ್ನೆಗಿಳಿಯುತ್ತದೆ. ಮೊದಲ ಗೆರೆಯ ಮೇಲಂಚಿನ ಸ್ಟ್ರೆಸ್ಸನ್ನು ಬೆಂಡಿಂಗಿನ ಪರಿಚಿತ ಸೂತ್ರದಿಂದ ಲೆಕ್ಕ ಹಾಕಿದರೆ 11.25 ಮೆಗಾಪಾಸ್ಕಲ್ (ಅಂದರೆ ಪ್ರತಿ ಚದರ ಮಿಮೀಗೆ 11.25 ನ್ಯೂಟನ್). ಮೇಲರ್ಧದ ಸರಾಸರಿ ಇದರ ಅರ್ಧ, 5.625. ಮೇಲರ್ಧದ ವಿಸ್ತೀರ್ಣ 100 × 100 = 10,000 ಚದರ ಮಿಮೀ. ಹಾಗಾಗಿ ಮೊದಲ ಗೆರೆಯಲ್ಲಿ ಮೇಲರ್ಧವನ್ನು ತಳ್ಳುತ್ತಿರುವ ಬಲ 56.25 ಕಿಲೋನ್ಯೂಟನ್. ಎರಡನೆಯ ಗೆರೆಯಲ್ಲಿ ಇದೇ ಲೆಕ್ಕ ಮಾಡಿದರೆ 59.81 ಕಿಲೋನ್ಯೂಟನ್.

ಇಲ್ಲಿ ಸ್ವಲ್ಪ ನಿಲ್ಲಿ. ತುಂಡಿನ ಮೇಲರ್ಧವನ್ನಷ್ಟೇ ಒಂದು ಇಟ್ಟಿಗೆಯ ಹಾಗೆ ಕಲ್ಪಿಸಿಕೊಳ್ಳಿ. ಒಂದು ಬದಿಯಿಂದ ಅದನ್ನು 56.25 ತಳ್ಳುತ್ತಿದೆ, ಇನ್ನೊಂದು ಬದಿಯಿಂದ 59.81. ಎರಡೂ ಸಮ ಇಲ್ಲ. 3.56 ಕಿಲೋನ್ಯೂಟನ್ ಹೆಚ್ಚುವರಿ ಇದೆ. ಆದರೂ ಇಟ್ಟಿಗೆ ಕದಲುತ್ತಿಲ್ಲ. ಅದನ್ನು ಹಿಡಿದುಕೊಂಡಿರುವವರು ಯಾರು? ಮೇಲ್ಮೈಯಲ್ಲಿ ಉದ್ದುದ್ದಕ್ಕೆ ಎಳೆಯುವ ಯಾವುದೂ ಇಲ್ಲ. ಮುಂದೆ ಹಿಂದೆ ಬರೀ ಗಾಳಿ. ಉಳಿದದ್ದು ತಳ ಒಂದೇ, ಅಂದರೆ ಕೆಳಗಿನರ್ಧಕ್ಕೆ ಅದು ಅಂಟಿಕೊಂಡಿರುವ ಮುಖ. ಆ ಮುಖದ ವಿಸ್ತೀರ್ಣ 100 ಮಿಮೀ ಅಗಲ × 100 ಮಿಮೀ ಉದ್ದ = 10,000 ಚದರ ಮಿಮೀ. 3,562 ನ್ಯೂಟನ್ನನ್ನು ಅದಕ್ಕೆ ಭಾಗಿಸಿದರೆ 0.356 ಮೆಗಾಪಾಸ್ಕಲ್. ಇದೇ ಆ ಜಾಗದ ಶಿಯರ್ ಸ್ಟ್ರೆಸ್. ಶಿಯರಿನ ಯಾವ ಸೂತ್ರವನ್ನೂ ಬಳಸದೆ ಅದನ್ನು ಕಂಡುಹಿಡಿದೆವು.

ಶಿಯರ್ ಸ್ಟ್ರೆಸ್ ಎಂಬುದು ಬೆಂಡಿಂಗಿನ ಪಕ್ಕದಲ್ಲಿ ನಡೆಯುವ ಬೇರೊಂದು ಘಟನೆಯಲ್ಲ. ಬೆಂಡಿಂಗಿನ ಬಲ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬದಲಾಗುವಾಗ ಆ ವ್ಯತ್ಯಾಸವನ್ನು ಹೊರುವ ಕೆಲಸವೇ ಅದು. ಮೊಮೆಂಟ್ ಬದಲಾಗದ ಕಡೆ ಶಿಯರ್ ಇಲ್ಲ. ಮೊಮೆಂಟ್ ಬೇಗ ಬೇಗ ಏರುವ ಕಡೆ, ಅಂದರೆ ನಮ್ಮ ತೊಲೆಯಲ್ಲಿ ಆಸರೆಯ ಹತ್ತಿರ, ಶಿಯರ್ ಜೋರು. ಮೊಮೆಂಟ್ ಏರುವ ವೇಗವೇ ಶಿಯರ್ ಫೋರ್ಸ್. ನಮ್ಮ ತುಂಡಿನಲ್ಲಿ 0.1 ಮೀಟರಿಗೆ 0.475 ಏರಿತು, ಅಂದರೆ ಮೀಟರಿಗೆ 4.75. ತುಂಡಿನ ನಡುವಿನಲ್ಲಿ ಶಿಯರ್ ಫೋರ್ಸ್ ಎಷ್ಟು ಎಂದು ನೇರವಾಗಿ ಲೆಕ್ಕ ಹಾಕಿ: 10 ಕಳೆದು 5.25, ಅಂದರೆ 4.75 ಕಿಲೋನ್ಯೂಟನ್.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ತೊಲೆಯ ನಟ್ಟನಡುವೆ ಮೊಮೆಂಟ್ 10 ಇದ್ದಾಗ ಮೇಲರ್ಧದಲ್ಲಿರುವ ಅದುಮುವ ಬಲ 75 ಕಿಲೋನ್ಯೂಟನ್. ತೊಲೆಯ ತುದಿಯಲ್ಲಿ ಅದು ಸೊನ್ನೆ. ತುದಿಯಿಂದ ಯಾರೂ ತೊಲೆಯನ್ನು ಉದ್ದುದ್ದಕ್ಕೆ ತಳ್ಳಲಿಲ್ಲ. ಹಾಗಿದ್ದರೆ ನಡುವಿಗೆ ಬರುವಷ್ಟರಲ್ಲಿ 75 ಕಿಲೋನ್ಯೂಟನ್ ಹೇಗೆ ಸೇರಿಕೊಂಡಿತು? ಎರಡು ಮೀಟರ್ ಉದ್ದಕ್ಕೂ ಮಧ್ಯದ ಪದರ ಚೂರುಚೂರಾಗಿ ತುಂಬುತ್ತಾ ಬಂತು. ಆಸರೆಯ ಬಳಿ ಪ್ರತಿ ಮಿಲಿಮೀಟರಿಗೆ 75 ನ್ಯೂಟನ್, ನಡುವಿನಲ್ಲಿ ಸೊನ್ನೆ, ಸರಾಸರಿ 37.5. ಅದನ್ನು 2,000 ಮಿಮೀಯಿಂದ ಗುಣಿಸಿದರೆ 75,000 ನ್ಯೂಟನ್. ಒಂದು ನ್ಯೂಟನ್ ಕೂಡ ಹೆಚ್ಚುಕಡಿಮೆ ಇಲ್ಲ.

ಸೂತ್ರ ಮತ್ತು ಅದರ ನಾಲ್ಕು ಅಕ್ಷರ

ಈಗ ಸೂತ್ರ ಬರೆಯಬಹುದು. ಶಿಯರ್ ಸ್ಟ್ರೆಸ್‌ಗೆ ಟೌ ಎಂಬ ಗ್ರೀಕ್ ಅಕ್ಷರ ಬಳಸುವುದು ರೂಢಿ.

ಟೌ = (ವಿ × ಕ್ಯೂ) ÷ (ಐ × ಬಿ)

ವಿ ಎಂದರೆ ಆ ಅಡ್ಡಛೇದದಲ್ಲಿನ ಶಿಯರ್ ಫೋರ್ಸ್. ಐ ಎಂದರೆ ಇಡೀ ಅಡ್ಡಛೇದದ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ಬಾಗುವುದಕ್ಕೆ ಆ ಆಕಾರ ಒಡ್ಡುವ ತಡೆಯ ಅಳತೆ. ಆಯತಕ್ಕೆ ಅಗಲ × ಎತ್ತರದ ಘನ ÷ 12. ಈ ಎರಡರಲ್ಲಿ ಯಾರಿಗೂ ಗೊಂದಲವಿಲ್ಲ. ಎಡವುವುದು ಕ್ಯೂ ಮತ್ತು ಬಿ ಹತ್ತಿರ.

ಕ್ಯೂ ಎಂದರೆ ನಮ್ಮ ಇಟ್ಟಿಗೆಯ ಲೆಕ್ಕ. ಯಾವ ಎತ್ತರದಲ್ಲಿ ಸ್ಟ್ರೆಸ್ ಬೇಕೋ ಅಲ್ಲಿ ಒಂದು ಸಮತಲ ಗೆರೆ ಎಳೆಯಿರಿ. ಗೆರೆಯ ಮೇಲೆ ಉಳಿದ ಭಾಗದ ವಿಸ್ತೀರ್ಣವನ್ನು, ಆ ಭಾಗದ ಸೆಂಟ್ರಾಯ್ಡ್ (ವಿಸ್ತೀರ್ಣದ ಕೇಂದ್ರಬಿಂದು) ನ್ಯೂಟ್ರಲ್ ಆಕ್ಸಿಸ್‌ನಿಂದ ಎಷ್ಟು ದೂರವಿದೆಯೋ ಅಷ್ಟರಿಂದ ಗುಣಿಸಿ. ಅಷ್ಟೇ. ಹಿಂದೆ ನೋಡಿದ ಇಟ್ಟಿಗೆಯನ್ನು ತಳ್ಳುವ ಬಲ ಮೊಮೆಂಟ್ × ಕ್ಯೂ ÷ ಐ. ಮೊಮೆಂಟ್ ಬದಲಾಗುವ ವೇಗ ವಿ ಆದ್ದರಿಂದ, ಆ ಬಲ ಪ್ರತಿ ಮಿಮೀಗೆ ಬದಲಾಗುವ ಪ್ರಮಾಣ ವಿ × ಕ್ಯೂ ÷ ಐ. ಇದನ್ನು ಶಿಯರ್ ಫ್ಲೋ ಎನ್ನುತ್ತಾರೆ. ಅದನ್ನು ಹಿಡಿದುಕೊಂಡಿರುವ ಮುಖದ ಅಗಲ ಬಿ. ಅದರಿಂದ ಭಾಗಿಸಿದರೆ ಸ್ಟ್ರೆಸ್. ಗೆರೆಯ ಮೇಲಿನ ಭಾಗದ ಬದಲು ಕೆಳಗಿನ ಭಾಗ ತೆಗೆದುಕೊಂಡರೂ ಕ್ಯೂ ಅಷ್ಟೇ ಬರುತ್ತದೆ, ಚಿಹ್ನೆ ಮಾತ್ರ ಬದಲು. ಯಾವುದು ಸುಲಭವೋ ಅದನ್ನು ಹಿಡಿಯಿರಿ.

ಬಿ ಎಂದರೆ ಗೆರೆ ಹಾದುಹೋಗುವ ಜಾಗದಲ್ಲಿ ನಿಜವಾಗಿ ಇರುವ ವಸ್ತುವಿನ ಅಗಲ. ಬೀಮಿನ ಅತಿ ಹೆಚ್ಚಿನ ಅಗಲ ಅಲ್ಲ. ಚೌಕ ಕೊಳವೆಯ ನಡುವೆ ಗೆರೆ ಎಳೆದರೆ ಅದು ಎರಡು ಗೋಡೆಗಳನ್ನು ಕತ್ತರಿಸುತ್ತದೆ. ಹಾಗಾಗಿ ಬಿ ಎಂದರೆ ಒಂದು ಗೋಡೆಯ ದಪ್ಪದ ಎರಡರಷ್ಟು. ಇಲ್ಲಿ ಒಂದೇ ಗೋಡೆ ಎಣಿಸಿದವರ ಉತ್ತರ ದುಪ್ಪಟ್ಟಾಗುತ್ತದೆ.

ನಮ್ಮ ತೊಲೆಯ ಆಸರೆಯ ಬಳಿ ಹಾಕಿ ನೋಡೋಣ. ವಿ 10,000 ನ್ಯೂಟನ್. ಐ 66.67 ದಶಲಕ್ಷ ಮಿಮೀ⁴. ನ್ಯೂಟ್ರಲ್ ಆಕ್ಸಿಸ್‌ನಲ್ಲಿ ಕ್ಯೂ = 100 × 100 × 50 = 5,00,000 ಮಿಮೀ³. ಬಿ 100. ಉತ್ತರ 0.75 ಮೆಗಾಪಾಸ್ಕಲ್. ಅಲ್ಲಿಂದ 50 ಮಿಮೀ ಮೇಲೆ ಹೋದರೆ ಉಳಿದ ಭಾಗ 100 × 50, ಸೆಂಟ್ರಾಯ್ಡ್ ದೂರ 75, ಕ್ಯೂ 3,75,000, ಉತ್ತರ 0.56. ಮೇಲಂಚಿಗೆ ಹೋದರೆ ಗೆರೆಯ ಮೇಲೆ ಏನೂ ಉಳಿಯುವುದಿಲ್ಲ, ಕ್ಯೂ ಸೊನ್ನೆ, ಸ್ಟ್ರೆಸ್ ಸೊನ್ನೆ. ಅಂಚಿನಿಂದ ಅಂಚಿಗೆ ಚಿತ್ರ ಬರೆದರೆ ನಡುವೆ ಉಬ್ಬಿದ ಪ್ಯಾರಾಬೋಲಾ.

ಮೇಲಂಚಿನಲ್ಲಿ ಸೊನ್ನೆ ಏಕೆ ಎಂಬುದಕ್ಕೆ ಗಣಿತ ಬಿಟ್ಟು ಇನ್ನೊಂದು ಕಾರಣವೂ ಇದೆ. ಬೀಮಿನೊಳಗೆ ಎಲ್ಲಾದರೂ ಒಂದು ಪುಟಾಣಿ ಚೌಕವನ್ನು ಕಲ್ಪಿಸಿಕೊಳ್ಳಿ. ಅದರ ಎಡಮುಖವನ್ನು ಮೇಲಕ್ಕೂ ಬಲಮುಖವನ್ನು ಕೆಳಕ್ಕೂ ಶಿಯರ್ ಎಳೆಯುತ್ತಿದೆ. ಅಷ್ಟೇ ಇದ್ದರೆ ಚೌಕ ಗಿರಗಿರನೆ ಸುತ್ತಬೇಕು. ಸುತ್ತುವುದಿಲ್ಲ, ಏಕೆಂದರೆ ಅದರ ಮೇಲ್ಮುಖ ಮತ್ತು ಕೆಳಮುಖದ ಮೇಲೆ ಅಷ್ಟೇ ಪ್ರಮಾಣದ ಸಮತಲ ಶಿಯರ್ ಎದುರು ದಿಕ್ಕಿಗೆ ತಿರುಗಿಸುತ್ತಿದೆ. ಲಂಬ ಶಿಯರ್ ಸ್ಟ್ರೆಸ್ ಮತ್ತು ಸಮತಲ ಶಿಯರ್ ಸ್ಟ್ರೆಸ್ ಯಾವಾಗಲೂ ಜೋಡಿ, ಅಳತೆಯಲ್ಲಿ ಸಮ. ಆದ್ದರಿಂದಲೇ ನಾವು ಸಮತಲ ಮುಖದ ಮೇಲೆ ಕಂಡುಹಿಡಿದ ಉತ್ತರವೇ ಲಂಬ ಮುಖಕ್ಕೂ ಸಲ್ಲುತ್ತದೆ. ಬೀಮಿನ ಮೇಲ್ಮೈಯನ್ನು ಉದ್ದುದ್ದಕ್ಕೆ ಯಾರೂ ಉಜ್ಜುತ್ತಿಲ್ಲವಾದ್ದರಿಂದ ಅಲ್ಲಿ ಸಮತಲ ಶಿಯರ್ ಇಲ್ಲ. ಜೋಡಿಯ ಇನ್ನೊಂದೂ ಅಲ್ಲಿರಲು ಸಾಧ್ಯವಿಲ್ಲ. ಮೇಲಿನಿಂದ ಹೇರಿದ ಭಾರದಿಂದ ಮರ ಉದ್ದಕ್ಕೆ ಸೀಳುವುದಕ್ಕೂ ಕಾರಣ ಈ ಜೋಡಿಯೇ. ಎರಡೂ ದಿಕ್ಕಿನಲ್ಲಿ ಸ್ಟ್ರೆಸ್ ಒಂದೇ, ಆದರೆ ಮರದ ನಾರನ್ನು ಅಡ್ಡಲಾಗಿ ಕತ್ತರಿಸುವುದು ಕಷ್ಟ, ನಾರಿನ ಗುಂಟ ಜಾರಿಸುವುದು ಸುಲಭ. ದುರ್ಬಲ ದಿಕ್ಕು ಮೊದಲು ಸೋಲುತ್ತದೆ.

ಶಿಯರ್ ಫೋರ್ಸನ್ನು ಇಡೀ ವಿಸ್ತೀರ್ಣಕ್ಕೆ ಭಾಗಿಸಿದರೆ ಬರುವ ಸರಾಸರಿ 0.5. ನಿಜವಾದ ಗರಿಷ್ಠ 0.75. ಆಯತಕ್ಕೆ ಈ ಒಂದೂವರೆ ಪಟ್ಟು ಖಾಯಂ. ವೃತ್ತಕ್ಕೆ ಅದು ನಾಲ್ಕು ಭಾಗಿಸು ಮೂರು, ಅಂದರೆ 1.33 ಪಟ್ಟು, ತೆಳು ಗೋಡೆಯ ದುಂಡು ಕೊಳವೆಗೆ 2 ಪಟ್ಟು. ತ್ರಿಕೋನದ ಸಂಗತಿ ಸ್ವಾರಸ್ಯಕರ. ಅದರಲ್ಲಿ ಗರಿಷ್ಠ ಸ್ಟ್ರೆಸ್ ಇರುವುದು ನ್ಯೂಟ್ರಲ್ ಆಕ್ಸಿಸ್‌ನಲ್ಲಲ್ಲ, ಎತ್ತರದ ಅರ್ಧದಲ್ಲಿ, ಅಲ್ಲಿ 1.5 ಪಟ್ಟು, ನ್ಯೂಟ್ರಲ್ ಆಕ್ಸಿಸ್‌ನಲ್ಲಿ 1.33 ಪಟ್ಟು. ಕ್ಯೂ ಗರಿಷ್ಠವಾಗುವುದು ನ್ಯೂಟ್ರಲ್ ಆಕ್ಸಿಸ್‌ನಲ್ಲೇ ನಿಜ, ಆದರೆ ಮೇಲಕ್ಕೆ ಹೋದಂತೆ ಅಗಲವೂ ಕಿರಿದಾಗುತ್ತದಲ್ಲ. ಸ್ಟ್ರೆಸ್ ನಿರ್ಧರಿಸುವುದು ಕ್ಯೂ ಒಂದೇ ಅಲ್ಲ, ಕ್ಯೂ ಭಾಗಿಸು ಬಿ.

ಯಾವಾಗ ಇದರ ಬಗ್ಗೆ ತಲೆಕೆಡಿಸಿಕೊಳ್ಳಬೇಕು

ನಮ್ಮ ತೊಲೆಯ ನಡುವಿನಲ್ಲಿ ಬೆಂಡಿಂಗ್ ಸ್ಟ್ರೆಸ್ 15 ಮೆಗಾಪಾಸ್ಕಲ್, ಆಸರೆಯಲ್ಲಿ ಶಿಯರ್ ಸ್ಟ್ರೆಸ್ 0.75. ಒಂದು ಇನ್ನೊಂದರ 20 ಪಟ್ಟು. ತೊಲೆಯ ಉದ್ದವನ್ನು ಎತ್ತರಕ್ಕೆ ಭಾಗಿಸಿ: 4,000 ÷ 200 = 20. ಇದು ಕಾಕತಾಳೀಯವಲ್ಲ. ಸಮನಾಗಿ ಹರಡಿದ ಭಾರ ಹೊತ್ತು ಎರಡು ತುದಿಯಲ್ಲಿ ಸುಮ್ಮನೆ ಕೂತಿರುವ ಆಯತಾಕಾರದ ಬೀಮಿಗೆ, ಎರಡು ಸ್ಟ್ರೆಸ್‌ಗಳ ಅನುಪಾತ ಉದ್ದ ಮತ್ತು ಎತ್ತರದ ಅನುಪಾತವೇ. ನಡುವೆ ಒಂದೇ ಭಾರ ಇಟ್ಟರೆ ಅದರ ಎರಡರಷ್ಟು. ಈ ಒಂದು ಸಂಬಂಧ ನೆನಪಿದ್ದರೆ ಕಾಗದ ಹಿಡಿಯುವ ಮೊದಲೇ ಅರ್ಧ ತೀರ್ಪು ಸಿಗುತ್ತದೆ.

ಉಕ್ಕಿನ ಶಿಯರ್ ತಾಳಿಕೆ ಅದರ ಎಳೆತದ ತಾಳಿಕೆಯ ಸುಮಾರು ಶೇಕಡ 58. ಹಾಗಾಗಿ ಗಟ್ಟಿ ಆಯತದ ಉಕ್ಕಿನ ಸಲಾಕೆಯಲ್ಲಿ ಶಿಯರ್ ಮೊದಲು ಸೋಲುವುದು ವಿರಳ. ಮರದಲ್ಲಿ ಹಾಗಲ್ಲ. ಎಷ್ಟೋ ಜಾತಿಯ ಮರಗಳಲ್ಲಿ ನಾರಿನ ಗುಂಟ ಇರುವ ಶಿಯರ್ ತಾಳಿಕೆ ಬಾಗುವ ತಾಳಿಕೆಯ ಹತ್ತರಲ್ಲೊಂದು ಪಾಲಿನ ಆಸುಪಾಸು. ಉದ್ದ ಎತ್ತರದ 20 ಪಟ್ಟಿದ್ದರೆ ಬೆಂಡಿಂಗೇ ಮೊದಲು ಮಿತಿ ಮುಟ್ಟುತ್ತದೆ. 6 ಪಟ್ಟಿಗೆ ಇಳಿದರೆ ಶಿಯರ್ ಮೊದಲು ಮುಟ್ಟುತ್ತದೆ. ಲೇಖನದ ಮೊದಲಲ್ಲಿ ಹೇಳಿದ ಗಿಡ್ಡ ತೊಲೆ ತುದಿಯಲ್ಲಿ ಸೀಳಿದ್ದು ಇದಕ್ಕೇ.

ಈ ಸೂತ್ರ ಹುಟ್ಟಿದ್ದೂ ಮರದಿಂದಲೇ. ದ್ಮಿತ್ರಿ ಇವಾನೊವಿಚ್ ಜುರಾವ್‌ಸ್ಕಿ ಎಂಬ ರಷ್ಯನ್ ಇಂಜಿನಿಯರ್ (1821–1891) ಯುವಕನಾಗಿದ್ದಾಗ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೊ ನಡುವಿನ ರೈಲುದಾರಿಯ ಸೇತುವೆಗಳ ಮೇಲೆ ಕೆಲಸ ಮಾಡಿದರು. ಆ ದಾರಿ 1851ರಲ್ಲಿ ತೆರೆಯಿತು. ಸೇತುವೆಗಳಲ್ಲಿ ಮರದ ಬಳಕೆ ದೊಡ್ಡದಾಗಿತ್ತು. ಒಂದರ ಮೇಲೊಂದು ತೊಲೆ ಜೋಡಿಸಿ ಕಟ್ಟಿದ ಎತ್ತರದ ಬೀಮುಗಳಿದ್ದವು. ಮರ ನಾರಿನ ಗುಂಟ ಎಷ್ಟು ದುರ್ಬಲ ಎಂದು ಕಣ್ಣಾರೆ ಕಂಡವರಿಗೆ ಉದ್ದುದ್ದ ಶಿಯರನ್ನು ಕಡೆಗಣಿಸಲು ಆಗುತ್ತಿರಲಿಲ್ಲ. ಬೆಂಡಿಂಗಿನ ಬಲಗಳ ವ್ಯತ್ಯಾಸದಿಂದ ಶಿಯರನ್ನು ಕಂಡುಹಿಡಿಯುವ ದಾರಿಯನ್ನು ಅವರು ಹೊಳೆಸಿಕೊಂಡರು. 1856ರಲ್ಲಿ ಅದು ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು. ಅದೇ ಹೊತ್ತಿಗೆ ಫ್ರಾನ್ಸಿನ ಸೇಂಟ್ ವೆನಾಂಟ್ ಗಣಿತದ ದೃಷ್ಟಿಯಿಂದ ಇನ್ನೂ ಖಚಿತವಾದ ಪರಿಹಾರ ಕೊಟ್ಟಿದ್ದರು. ಆದರೂ ಇಂಜಿನಿಯರುಗಳ ಕೈಗೆ ಒಗ್ಗಿದ್ದು ಜುರಾವ್‌ಸ್ಕಿಯವರ ಸರಳ ದಾರಿ. ಒಂದು ತುಂಡು ಕತ್ತರಿಸು, ಎರಡು ಬದಿಯ ಬಲ ನೋಡು, ಉಳಿದದ್ದನ್ನು ತಳಕ್ಕೆ ಹೊರಿಸು. ನಾವು ಮೇಲೆ ಅಂಕಿಗಳಲ್ಲಿ ಮಾಡಿದ್ದು ಅದನ್ನೇ.

ಎರಡು ಹಲಗೆ, ಹದಿಮೂರು ಬೋಲ್ಟ್

200 ಮಿಮೀ ಎತ್ತರದ ಒಂದೇ ಮರ ಸಿಗಲಿಲ್ಲ, 100 × 100ರ ಎರಡು ತೊಲೆ ಸಿಕ್ಕವು ಎಂದುಕೊಳ್ಳಿ. ಒಂದರ ಮೇಲೊಂದು ಸುಮ್ಮನೆ ಇಟ್ಟರೆ ಅವು ಪುಸ್ತಕದ ಹಾಳೆಗಳಂತೆ ಜಾರುತ್ತವೆ. ಐ ಒಟ್ಟು 16.67 ದಶಲಕ್ಷ ಮಾತ್ರ, ಒಂದೇ ಮರದ ಕಾಲುಭಾಗ. ತೊಲೆ ನಾಲ್ಕು ಪಟ್ಟು ಹೆಚ್ಚು ಜೋಲುತ್ತದೆ, ಬೆಂಡಿಂಗ್ ಸ್ಟ್ರೆಸ್ ಎರಡು ಪಟ್ಟಾಗುತ್ತದೆ. ಜಾರದಂತೆ ಬೋಲ್ಟ್ ಹಾಕಬೇಕು. ಎಷ್ಟು?

ಶಿಯರ್ ಫ್ಲೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಸರೆಯ ಬಳಿ ಅದು ಪ್ರತಿ ಮಿಮೀಗೆ 75 ನ್ಯೂಟನ್. ಒಂದು ಬೋಲ್ಟ್ ಪಕ್ಕಕ್ಕೆ 6 ಕಿಲೋನ್ಯೂಟನ್ ತಡೆಯಬಲ್ಲುದಾದರೆ, 6,000 ÷ 75 = 80 ಮಿಮೀಗೆ ಒಂದು. ಆಸರೆಯಿಂದ 1 ಮೀಟರ್ ದೂರದಲ್ಲಿ ಶಿಯರ್ ಅರ್ಧವಾಗಿರುತ್ತದೆ, ಅಲ್ಲಿ 160 ಮಿಮೀಗೆ ಒಂದು ಸಾಕು. ನಡುವಿನಲ್ಲಿ ಲೆಕ್ಕದ ಪ್ರಕಾರ ಬೇಕೇ ಇಲ್ಲ. ಒಟ್ಟು ಸಂಖ್ಯೆಯನ್ನು ತಾಳೆ ನೋಡಲು ಆ 75 ಕಿಲೋನ್ಯೂಟನ್ ನೆನಪಿಸಿಕೊಳ್ಳಿ: ಅರ್ಧ ತೊಲೆಯ ಉದ್ದಕ್ಕೆ ದಾಟಬೇಕಾದ ಬಲ ಅಷ್ಟು. 75 ÷ 6 = 12.5, ಅಂದರೆ ಅರ್ಧಕ್ಕೆ ಕನಿಷ್ಠ 13 ಬೋಲ್ಟ್. ಬೋಲ್ಟುಗಳನ್ನು ನಡುವಿನಲ್ಲಿ ಗುಂಪಾಗಿ ಹಾಕಿ ತುದಿಗಳನ್ನು ಬಿಟ್ಟುಬಿಡುವ ತಪ್ಪು ಸುಲಭವಾಗಿ ಆಗುತ್ತದೆ, ಏಕೆಂದರೆ ತೊಲೆ ಜೋಲುವುದು ಕಣ್ಣಿಗೆ ಕಾಣುವುದು ನಡುವಿನಲ್ಲಿ. ಜಾರುವುದು ಮಾತ್ರ ತುದಿಗಳಲ್ಲಿ.

ಒಂದು ಎಚ್ಚರಿಕೆ ಹೇಳಲೇಬೇಕು. ಬೋಲ್ಟಿನ ತೂತು ಯಾವಾಗಲೂ ಸ್ವಲ್ಪ ಸಡಿಲ, ಮರವೂ ಬೋಲ್ಟಿನ ಕೆಳಗೆ ನಜ್ಜಾಗುತ್ತದೆ. ಆ ಸ್ವಲ್ಪ ಜಾರುವಿಕೆಯಿಂದಾಗಿ ಜೋಡಿ ತೊಲೆ ಒಂದೇ ಮರದಷ್ಟು ಬಿರುಸಾಗುವುದಿಲ್ಲ. ಒಳ್ಳೆಯ ಅಂಟು ಹಾಕಿದ ತೊಲೆ ಈ ವಿಷಯದಲ್ಲಿ ಬೋಲ್ಟಿನ ತೊಲೆಗಿಂತ ಬಹಳ ಮೇಲು.

ಐ ಆಕಾರದ ಉಕ್ಕು

ಸರಾಸರಿ ಲೆಕ್ಕ ಎಷ್ಟು ದಾರಿ ತಪ್ಪಿಸಬಲ್ಲದು ಎಂದು ನೋಡಲು ಐ ಸೆಕ್ಷನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಟ್ಟು ಎತ್ತರ 300 ಮಿಮೀ. ಮೇಲೆ ಕೆಳಗೆ 150 ಅಗಲ, 15 ದಪ್ಪದ ಫ್ಲೇಂಜ್. ನಡುವೆ 10 ಮಿಮೀ ದಪ್ಪದ ವೆಬ್, ಅದರ ಎತ್ತರ 270. ಶಿಯರ್ ಫೋರ್ಸ್ 120 ಕಿಲೋನ್ಯೂಟನ್.

ಐ ಕಂಡುಹಿಡಿಯಲು 150 × 300ರ ಪೂರ್ಣ ಆಯತದಿಂದ ಎರಡು ಬದಿಯ ಖಾಲಿ ಜಾಗವನ್ನು (ಒಟ್ಟು 140 × 270) ಕಳೆಯಿರಿ. 337.5 ಕಳೆದು 229.6, ಅಂದರೆ 107.87 ದಶಲಕ್ಷ ಮಿಮೀ⁴. ಮೇಲಿನ ಫ್ಲೇಂಜಿನ ಕ್ಯೂ = 150 × 15 × 142.5 = 3,20,625. ನ್ಯೂಟ್ರಲ್ ಆಕ್ಸಿಸ್‌ನಲ್ಲಿ ಇದಕ್ಕೆ ವೆಬ್ಬಿನ ಮೇಲರ್ಧವೂ ಸೇರುತ್ತದೆ: 10 × 135 × 67.5 = 91,125. ಒಟ್ಟು 4,11,750.

ಫ್ಲೇಂಜು ವೆಬ್ಬನ್ನು ಸೇರುವ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಅಗಲ 150. ಅಲ್ಲಿ ಸೂತ್ರ ಕೊಡುವ ಸ್ಟ್ರೆಸ್ 2.4 ಮೆಗಾಪಾಸ್ಕಲ್. ಕೂದಲೆಳೆಯಷ್ಟು ಕೆಳಗೆ ಅಗಲ 10. ಕ್ಯೂ ಅದೇ, ವಿ ಅದೇ, ಐ ಅದೇ. ಸ್ಟ್ರೆಸ್ ಮಾತ್ರ 35.7ಕ್ಕೆ ಜಿಗಿಯುತ್ತದೆ. ನ್ಯೂಟ್ರಲ್ ಆಕ್ಸಿಸ್‌ನಲ್ಲಿ 45.8.

120 ಕಿಲೋನ್ಯೂಟನ್ನನ್ನು ಇಡೀ ವಿಸ್ತೀರ್ಣವಾದ 7,200 ಚದರ ಮಿಮೀಗೆ ಭಾಗಿಸಿದ್ದರೆ ಬರುತ್ತಿದ್ದುದು 16.7. ನಿಜ ಅದರ 2.75 ಪಟ್ಟು. ಆದರೆ ವೆಬ್ಬಿನ 2,700ಕ್ಕೆ ಮಾತ್ರ ಭಾಗಿಸಿದರೆ 44.4, ಸರಿಯಾದ ಉತ್ತರಕ್ಕೆ ಬಹಳ ಹತ್ತಿರ. ವೆಬ್ಬಿನಲ್ಲಿರುವ ಸ್ಟ್ರೆಸ್‌ನ್ನೆಲ್ಲ ಕೂಡಿದರೆ ಸುಮಾರು 114.6 ಕಿಲೋನ್ಯೂಟನ್, ಒಟ್ಟು ಶಿಯರಿನ ಶೇಕಡ 95ಕ್ಕಿಂತ ಹೆಚ್ಚು. ಉಕ್ಕಿನ ಬೀಮಿನಲ್ಲಿ ಶಿಯರ್ ವೆಬ್ಬಿನ ಕೆಲಸ, ಬೆಂಡಿಂಗ್ ಫ್ಲೇಂಜಿನ ಕೆಲಸ ಎಂದು ಇಂಜಿನಿಯರುಗಳು ಹೇಳುವ ಮಾತಿನ ಹಿಂದಿರುವ ಲೆಕ್ಕ ಇದು. ವಿನ್ಯಾಸ ಮಾಡುವಾಗ ಅವರು ಶಿಯರ್ ಫೋರ್ಸನ್ನು ನೇರವಾಗಿ ವೆಬ್ಬಿನ ವಿಸ್ತೀರ್ಣಕ್ಕೆ ಭಾಗಿಸಿ ಮುಂದೆ ಸಾಗುವುದಕ್ಕೂ ಇದೇ ಆಧಾರ. ವೆಬ್ ತೀರಾ ತೆಳುವಾದರೆ ಮಾತ್ರ ಸ್ಟ್ರೆಸ್ ಮಿತಿ ಮುಟ್ಟುವ ಮೊದಲೇ ಅದು ಹಾಳೆಯ ಹಾಗೆ ಓರೆಯಾಗಿ ಸುಕ್ಕುಗಟ್ಟಬಹುದು. ಅದು ಬೇರೆಯೇ ಪರೀಕ್ಷೆ.

ಫ್ಲೇಂಜಿನ ಆ 2.4 ಬಗ್ಗೆ ಒಂದು ಮಾತು. ಅದನ್ನು ನಂಬಬೇಡಿ. ಫ್ಲೇಂಜಿನ ಕೆಳಮುಖದಲ್ಲಿ ವೆಬ್ ಇಲ್ಲದ ಕಡೆ ಎಲ್ಲ ಬರೀ ಗಾಳಿ. ಅಲ್ಲಿ ಲಂಬ ಶಿಯರ್ ಸೊನ್ನೆಯೇ ಇರಬೇಕು. ಫ್ಲೇಂಜಿನಲ್ಲಿ ನಿಜವಾದ ಶಿಯರ್ ಹರಿಯುವುದು ಅಗಲದ ದಿಕ್ಕಿಗೆ, ತುದಿಯಿಂದ ವೆಬ್ಬಿನ ಕಡೆಗೆ. ಅದನ್ನು ಕಂಡುಹಿಡಿಯಲು ಗೆರೆಯನ್ನು ಲಂಬವಾಗಿ ಎಳೆದು ಫ್ಲೇಂಜಿನ ಒಂದು ರೆಕ್ಕೆಯನ್ನು ಕತ್ತರಿಸಿ. ಈಗ ಬಿ ಎಂದರೆ ಫ್ಲೇಂಜಿನ ದಪ್ಪ, 15. ರೆಕ್ಕೆ ವೆಬ್ಬನ್ನು ಸೇರುವಲ್ಲಿ ಉಳಿದ ಭಾಗ 70 × 15, ಕ್ಯೂ 1,49,625, ಸ್ಟ್ರೆಸ್ 11.1 ಮೆಗಾಪಾಸ್ಕಲ್. ರೆಕ್ಕೆಯ ತುದಿಯಲ್ಲಿ ಸೊನ್ನೆಯಿಂದ ಶುರುವಾಗಿ ಒಂದೇ ಸಮ ಏರುತ್ತಾ ಬರುತ್ತದೆ. ಎಡ ರೆಕ್ಕೆಯ ಹರಿವು, ಬಲ ರೆಕ್ಕೆಯ ಹರಿವು ಎದುರುಬದುರಾಗಿ ಬಂದು ವೆಬ್ಬಿಗೆ ಇಳಿಯುತ್ತವೆ, ಎರಡು ತೊರೆ ಸೇರಿ ಒಂದು ನದಿಯಾದ ಹಾಗೆ. ಒಂದೇ ಬದಿಗೆ ರೆಕ್ಕೆಯಿರುವ ಚಾನೆಲ್ ಸೆಕ್ಷನ್ನಿನಲ್ಲಿ ಎದುರು ಹರಿವು ಇಲ್ಲದ್ದರಿಂದ ಮೇಲಿನ ಫ್ಲೇಂಜ್ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಎಳೆದು ಬೀಮನ್ನು ತಿರುಚುತ್ತವೆ. ಚಾನೆಲ್ಲಿನ ವೆಬ್ಬಿನ ಮೇಲೆ ನೇರವಾಗಿ ಭಾರ ಇಟ್ಟರೂ ಅದು ತಿರುಚಿಕೊಳ್ಳುವ ರಹಸ್ಯ ಇದೇ.

ಕಾಂಕ್ರೀಟಿನ ಓರೆ ಬಿರುಕು

ಕಾಂಕ್ರೀಟ್ ಬೀಮಿನ ಆಸರೆಯ ಹತ್ತಿರ ಬರುವ ಬಿರುಕು ಉದ್ದಕ್ಕೂ ಅಲ್ಲ, ನೆಟ್ಟಗೂ ಅಲ್ಲ, ಓರೆ. ನ್ಯೂಟ್ರಲ್ ಆಕ್ಸಿಸ್‌ನಲ್ಲಿರುವ ಆ ಪುಟಾಣಿ ಚೌಕವನ್ನು ಮತ್ತೆ ನೆನೆಯಿರಿ. ನಾಲ್ಕೂ ಮುಖದ ಮೇಲೆ ಶಿಯರ್ ಮಾತ್ರ ಇದೆ. ಅದನ್ನು 45 ಡಿಗ್ರಿ ತಿರುಗಿಸಿ ನೋಡಿದರೆ ಒಂದು ಕರ್ಣದ ಗುಂಟ ಶುದ್ಧ ಎಳೆತ, ಇನ್ನೊಂದರ ಗುಂಟ ಶುದ್ಧ ಅದುಮು, ಎರಡೂ ಶಿಯರ್ ಸ್ಟ್ರೆಸ್‌ನಷ್ಟೇ. ಅದುಮಿಗೆ ಕಾಂಕ್ರೀಟ್ ಗಟ್ಟಿಗ, ಎಳೆತಕ್ಕೆ ತುಂಬಾ ದುರ್ಬಲ. ಎಳೆತಕ್ಕೆ ಅಡ್ಡಲಾಗಿ ಬಿರುಕು ಬಿಡುತ್ತದೆ, ಅಂದರೆ ಓರೆಯಾಗಿ. ಕಟ್ಟಡದ ಕೆಲಸದವರು ರಿಂಗ್ ಎಂದು ಕರೆಯುವ ಸ್ಟಿರಪ್ಪುಗಳನ್ನು ಆಸರೆಯ ಬಳಿ ಒತ್ತೊತ್ತಾಗಿ, ನಡುವಿನಲ್ಲಿ ದೂರದೂರ ಕಟ್ಟುವುದು ಈ ಬಿರುಕನ್ನು ಹೊಲಿದು ಹಿಡಿಯಲು. ಬೋಲ್ಟುಗಳ ಅಂತರ ಬದಲಾದ ಹಾಗೆಯೇ ರಿಂಗುಗಳ ಅಂತರವೂ ಶಿಯರ್ ಫೋರ್ಸನ್ನು ಹಿಂಬಾಲಿಸುತ್ತದೆ.

ಇಲ್ಲಿ ನಮ್ಮ ಸೂತ್ರ ಇದ್ದ ಹಾಗೇ ನಡೆಯುವುದಿಲ್ಲ. ಬೀಮಿನ ಕೆಳಭಾಗದ ಕಾಂಕ್ರೀಟ್ ಬಿರುಕುಬಿಟ್ಟ ಮೇಲೆ ಎಳೆತವನ್ನೆಲ್ಲ ಕಂಬಿಯೇ ಹೊರುತ್ತದೆ. ನ್ಯೂಟ್ರಲ್ ಆಕ್ಸಿಸ್‌ನಿಂದ ಕಂಬಿಯವರೆಗಿನ ಕಾಂಕ್ರೀಟ್ ಬೆಂಡಿಂಗ್ ಬಲಕ್ಕೆ ಏನನ್ನೂ ಸೇರಿಸುವುದಿಲ್ಲವಾದ್ದರಿಂದ ಅಷ್ಟೂ ಎತ್ತರಕ್ಕೆ ಶಿಯರ್ ಸ್ಟ್ರೆಸ್ ಬದಲಾಗದೆ ಒಂದೇ ಆಗಿರುತ್ತದೆ ಎಂದು ಹಳೆಯ ಸಿದ್ಧಾಂತ ಹೇಳುತ್ತದೆ. ಪ್ಯಾರಾಬೋಲಾ ಹೋಗಿ ನೇರ ಗೆರೆ ಬರುತ್ತದೆ. ವಿನ್ಯಾಸದಲ್ಲಂತೂ ಶಿಯರ್ ಫೋರ್ಸನ್ನು ಅಗಲ ಮತ್ತು ಕಂಬಿಯವರೆಗಿನ ಎತ್ತರದ ಗುಣಲಬ್ಧಕ್ಕೆ ಭಾಗಿಸಿ ಹೆಸರಿಗಷ್ಟೇ ಇರುವ ಒಂದು ಸ್ಟ್ರೆಸ್ ಪಡೆದು, ಅದನ್ನು ಪ್ರಯೋಗಗಳಿಂದ ಬಂದ ಮಿತಿಯೊಂದಿಗೆ ಹೋಲಿಸುತ್ತಾರೆ. ಆ ಅಂಕಿ ಯಾವುದೇ ಬಿಂದುವಿನ ನಿಜವಾದ ಸ್ಟ್ರೆಸ್ ಅಲ್ಲ, ಒಂದು ಅಳತೆಗೋಲು ಮಾತ್ರ ಎಂಬುದು ತಿಳಿದಿರಬೇಕು.

ಸೂತ್ರ ಇನ್ನೂ ಕೆಲವು ಕಡೆ ಕೈಕೊಡುತ್ತದೆ. ಅಗಲದ ಉದ್ದಕ್ಕೂ ಸ್ಟ್ರೆಸ್ ಒಂದೇ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಎತ್ತರ ಅಗಲದ ಎರಡರಷ್ಟಿರುವ ನಮ್ಮ ತೊಲೆಯಂಥದ್ದರಲ್ಲಿ ನಿಜವಾದ ಗರಿಷ್ಠ ಸ್ಟ್ರೆಸ್ ಸೂತ್ರಕ್ಕಿಂತ ಸುಮಾರು ಶೇಕಡ 3 ಹೆಚ್ಚು, ಯಾರೂ ಚಿಂತಿಸಬೇಕಿಲ್ಲ. ಚೌಕದಲ್ಲಿ ಸುಮಾರು ಶೇಕಡ 13. ಅಗಲವೇ ಎತ್ತರದ ನಾಲ್ಕರಷ್ಟಿರುವ ಚಪ್ಪಟೆ ಪಟ್ಟಿಯಲ್ಲಿ ಪಕ್ಕದ ಅಂಚುಗಳ ಬಳಿ ಅದು ಹೆಚ್ಚುಕಡಿಮೆ ದುಪ್ಪಟ್ಟು. ಉದ್ದಕ್ಕೂ ಎತ್ತರ ಬದಲಾಗುವ, ಒಂದು ತುದಿಗೆ ಚೂಪಾಗುವ ಬೀಮಿನಲ್ಲಿ ಸೂತ್ರವನ್ನು ಹಾಗೇ ಹಾಕಿದರೆ ಉತ್ತರ ತಪ್ಪು, ಏಕೆಂದರೆ ಅಲ್ಲಿ ಮೊಮೆಂಟ್ ಜೊತೆಗೆ ಐ ಮತ್ತು ಕ್ಯೂ ಕೂಡ ಹೆಜ್ಜೆಹೆಜ್ಜೆಗೂ ಬದಲಾಗುತ್ತಿರುತ್ತವೆ. ಇಂಥ ಬೀಮು ಎದುರಾದಾಗ ನಾನು ಸೂತ್ರವನ್ನು ಪಕ್ಕಕ್ಕಿಟ್ಟು ಹಳೆಯ ಇಟ್ಟಿಗೆಗೇ ಮರಳುತ್ತೇನೆ: ಹತ್ತಿರಹತ್ತಿರ ಎರಡು ಗೆರೆ ಎಳೆದು, ಎರಡೂ ಕಡೆ ಆಯಾ ಎತ್ತರದ ಐ ಹಾಕಿ ಬಲ ಲೆಕ್ಕ ಮಾಡಿ, ವ್ಯತ್ಯಾಸವನ್ನು ತಳದ ಮುಖಕ್ಕೆ ಭಾಗಿಸುತ್ತೇನೆ.